ನಿವೃತ್ತ ಯೋಧನಿಗೆ ಗೃಹಸಾಲ

ಪ್ರಶ್ನೆ: 17 ವರ್ಷ ಸಿಪಾಯಿಯಾಗಿದ್ದು ನಿವೃತ್ತನಾಗಿರುವೆ. ಸಂಬಳವಿಲ್ಲದ ನನಗೆ ಬ್ಯಾಂಕು ಮನೆಸಾಲ ಕೊಡುವುದು ಹೇಗೆ?

ಮಳೆಗಾಲದಲ್ಲಿ ಮಾತ್ರ ತುಂಬಿ ತುಳುಕುವ ಕೆರೆಗಿಂತ ಬೇಸಗೆಯಲ್ಲಿಯೂ ಬತ್ತದ ಸಣ್ಣ ಒರತೆಯ ಬಾವಿಯನ್ನು ರೈತನು ಹೆಚ್ಚಾಗಿ ನಂಬುವಂತೆ, ಬ್ಯಾಂಕು ಸಹ ಆದಾಯದ ಗಾತ್ರದೊಡನೆ ಅದರ ನಿರಂತರತೆಯನ್ನೂ ಪರಿಶೀಲಿಸುವುದರಿಂದ, 15 ವರ್ಷಗಳ ಅರ್ಹಸೇವೆ ಸಲ್ಲಿಸಿದ ಸಿಪಾಯಿಗೆ ಆಜೀವಪರ್ಯಂತ ಲಭಿಸುವ ಪಿಂಚಣಿಯೇ ನಿಮ್ಮ ಸಾಲಕ್ಕೆ ಆಧಾರವಾಗುವುದು. ಕಬ್ಬಿಣದ ಟ್ರಂಕಿನ ತಳದಲ್ಲಿ ಮಡಿಸಿಟ್ಟಿರುವ ಪಿಂಚಣಿ ಆದೇಶಪತ್ರಕ್ಕೆ ಇಲ್ಲಿ ಸಂಬಳಚೀಟಿಯ ಬೆಲೆಯುಂಟು. ಆದರೆ ಪಿಂಚಣಿಯ ಅರ್ಧದವರೆಗೆ ಪರಿವರ್ತಿಸಿ ಇಡಿಗಂಟು ಪಡೆದಿದ್ದಲ್ಲಿ, ಆ ಹಣ ಮನೆಯ ಮುಂಗಡಕ್ಕೆ ಒದಗುವುದು ನಿಜವಾದರೂ, 15 ವರ್ಷಗಳ ಕಾಲ ತಿಂಗಳ ಪಿಂಚಣಿ ಕುಗ್ಗಿರುವುದರಿಂದ ಕಂತು ಕಟ್ಟುವ ಶಕ್ತಿಯೂ ಕುಗ್ಗುವುದೆಂಬುದನ್ನು ಮನೆಯವರೊಡನೆ ಕುಳಿತು ವಿಚಾರಮಾಡಲೇಬೇಕು. ಬೇರೊಂದು ಉದ್ಯೋಗ ದೊರೆತಿದ್ದರೆ ಆ ಸಂಬಳವನ್ನೂ ಅರ್ಜಿಯಲ್ಲಿ ತಪ್ಪದೆ ಕಾಣಿಸಿರಿ.