ಕೊಕ್ಕರೆ ಬೆಳ್ಳೂರಿಗೆ ಅಪಾಯ ಕಾದಿರುವುದು ನೀರಿನಲ್ಲಿ

ಶಿವರಾತ್ರಿ ಕಳೆದು ಯುಗಾದಿ ಬರುವ ನಡುವಿನ ವಾರಗಳಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದವರಿಗೆ ಹಕ್ಕಿ ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಿಲ್ಲ. ಹಿತ್ತಿಲುಗಳಲ್ಲಿ, ದಾರಿಯ ಮಗ್ಗುಲಲ್ಲಿ ನಿಂತ ಹುಣಸೆಮರಗಳ ನೆತ್ತಿಯ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಒತ್ತೊತ್ತಾಗಿ ಗೂಡು ಹೂಡಿರುತ್ತವೆ. ಒಂದು ಗೂಡಿನಲ್ಲಿ ಇನ್ನೂ ಕಾವು ನಡೆದಿದ್ದರೆ ಪಕ್ಕದ ಗೂಡಿನಲ್ಲಿ ರೆಕ್ಕೆ ಬಲಿಯದ ಮರಿ ತಾಯಿಯ ಗಂಟಲಚೀಲಕ್ಕೆ ತಲೆ ತೂರಿಸಿ ಮೀನು ಹೆಕ್ಕುತ್ತಿರುತ್ತದೆ. ದುರ್ಬೀನು ಹಿಡಿದು ಬಂದವರು ಮೇಲಕ್ಕೆ ನೋಡುತ್ತಾರೆ. ಊರಿನ ಹೆಜ್ಜಾರ್ಲೆ ಬಳಗದವರು ಮರದ ಬುಡವನ್ನೂ ನೋಡುತ್ತಾರೆ. ಗೂಡಿನಿಂದ ಉರುಳಿ ಬಿದ್ದ ಮರಿಗೆ ತಂದೆತಾಯಿ ಕೆಳಗಿಳಿದು ಬಂದು ಉಣಿಸುವುದಿಲ್ಲ. ಯಾರೂ ಎತ್ತಿಕೊಳ್ಳದಿದ್ದರೆ ಅದು ಹಸಿವಿನಿಂದ ಸಾಯುತ್ತದೆ, ಇಲ್ಲವೇ ನಾಯಿಯ ಬಾಯಿಗೆ ಬೀಳುತ್ತದೆ. ಬಿದ್ದ ಮರಿಯನ್ನು ಎತ್ತಿ, ಬೇಲಿಯೊಳಗಿಟ್ಟು, ಮೀನು ಹಾಕಿ ಸಾಕಿ, ಹಾರುವಂತಾದಾಗ ಬಿಡುವ ಕೆಲಸವನ್ನು ಈ ಬಳಗ 1990ರ ದಶಕದಿಂದ ಮಾಡುತ್ತ ಬಂದಿದೆ.

ಈ ಊರಿನ ಮರಗಳು ಉಳಿದದ್ದು ಸಣ್ಣ ಸಾಧನೆಯಲ್ಲ. ನೂರು ವರ್ಷಗಳ ಹಿಂದೆ ಪ್ಲೇಗಿಗೆ ಹೆದರಿ ಶಿಂಷಾ ನದಿಯ ದಡದ ಹಳೆಯ ಊರನ್ನು ಬಿಟ್ಟು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂಬಾಲಿಸಿ ಬಂದವು ಎಂದು ಹಿರಿಯರು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು ನೋಡಿಕೊಂಡಂತೆ ಇವುಗಳನ್ನು ನೋಡಿಕೊಳ್ಳಬೇಕೆಂಬ ಮಾತು ಅಲ್ಲಿ ಇಂದಿಗೂ ಬಳಕೆಯಲ್ಲಿದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಗೂಡುನೆಲೆಯನ್ನು ಹೊರಜಗತ್ತಿಗೆ ತಿಳಿಸಿದರು. ಹುಣಸೆ ಉದುರಿಸುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಮರಿಗಳಿಗಾಗಿ ಫಸಲನ್ನು ಬಿಟ್ಟುಕೊಟ್ಟ ಮನೆಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಆಮೇಲೆ ಬಂತು. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಜಾಗತಿಕ ಕೆಂಪು ಪಟ್ಟಿಯಲ್ಲಿ ಹೆಜ್ಜಾರ್ಲೆ ಒಂದು ಮೆಟ್ಟಿಲು ಸುರಕ್ಷಿತ ದರ್ಜೆಗೆ, ಅಂದರೆ ಅಪಾಯದ ಸಮೀಪದಲ್ಲಿರುವ ಹಕ್ಕಿ ಎಂಬ ದರ್ಜೆಗೆ ಬಂತು. ಅದಕ್ಕೆ ದಕ್ಷಿಣ ಭಾರತದ ಇಂಥ ಗೂಡುನೆಲೆಗಳನ್ನು ಜನ ಕಾಯ್ದುಕೊಂಡದ್ದು ದೊಡ್ಡ ಕಾರಣ.

ಆದರೆ ಮರದಲ್ಲಿ ಗೂಡಷ್ಟೇ ಇರುತ್ತದೆ. ಹಕ್ಕಿಯ ಅನ್ನ ಇರುವುದು ಕೆರೆಯಲ್ಲಿ. ಬರಲಿರುವ ಕೆಡುಕಿನ ಮೊದಲ ಸುಳಿವು ಸಿಕ್ಕಿದ್ದು ಆ ಅನ್ನದಲ್ಲೇ.

2017ರ ಡಿಸೆಂಬರಿನಲ್ಲಿ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಮರದಿಂದ ಬಿದ್ದು ಸಾಯತೊಡಗಿದವು. ಎಲ್ಲರಿಗೂ ಮೊದಲು ಹಕ್ಕಿಜ್ವರದ ಅನುಮಾನ ಬಂತು. ಅದೇ ವರ್ಷದ ಜನವರಿಯಲ್ಲಿ ಎಚ್5ಎನ್8 ಸೋಂಕಿನಿಂದಾಗಿ ಮೈಸೂರು ಮೃಗಾಲಯವನ್ನು ಒಂದು ತಿಂಗಳು ಮುಚ್ಚಬೇಕಾಗಿ ಬಂದಿದ್ದರಿಂದ ಆ ಅನುಮಾನ ಸಹಜವೇ ಆಗಿತ್ತು. ಪರೀಕ್ಷೆಯಲ್ಲಿ ಜ್ವರದ ವೈರಾಣು ಸಿಗಲಿಲ್ಲ. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಕಂಡದ್ದು ಕಾಂಟ್ರಸೀಕಮ್ ಎಂಬ ಜಂತುಹುಳು. ಆ ಋತು ಮುಗಿಯುವಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಹಕ್ಕಿಗಳು ಸತ್ತಿದ್ದವು.

ಈ ಹುಳುವಿನ ಬಾಳು ಹೇಗೆ ಸಾಗುತ್ತದೆ ಎಂಬುದನ್ನು ಕೊಂಚ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಅಪಾಯವೆಲ್ಲ ಅದರೊಳಗೇ ಇದೆ. ಬೆಳೆದ ಹುಳು ಮೀನು ತಿನ್ನುವ ಹಕ್ಕಿಯ ಜಠರದಲ್ಲಿ ಮೊಟ್ಟೆ ಇಡುತ್ತದೆ. ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಅಲ್ಲಿ ಹೊರಬಂದ ಎಳೆಹುಳುವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನೀರಜೀವಿಗಳು ನುಂಗುತ್ತವೆ, ಅವನ್ನು ಮೀನು ತಿನ್ನುತ್ತದೆ, ಮೀನಿನ ಒಡಲಲ್ಲಿ ಹುಳು ಸುರುಳಿ ಸುತ್ತಿಕೊಂಡು ಕಾಯುತ್ತದೆ. ಆ ಮೀನನ್ನು ಹೆಜ್ಜಾರ್ಲೆ ನುಂಗಿದರೆ ಸುತ್ತು ಪೂರ್ಣವಾಯಿತು. ಹಕ್ಕಿಗೂ ಹುಳುವಿಗೂ ಈ ನಂಟು ಹೊಸದಲ್ಲ. ಆರೋಗ್ಯವಂತ ಹಕ್ಕಿ ಹತ್ತಾರು ಹುಳುಗಳನ್ನು ಹೊತ್ತುಕೊಂಡೇ ಬದುಕಬಲ್ಲದು. ಹುಳುಗಳ ಸಂಖ್ಯೆ ಮಿತಿಮೀರಿದಾಗ ಜಠರದ ಗೋಡೆ ಹುಣ್ಣಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಐದು ಕಿಲೋ ತೂಗುವ ಹಕ್ಕಿ ಸೊರಗಿ ಕೊಂಬೆಯ ಮೇಲೆ ನಿಲ್ಲಲಾರದೆ ಬೀಳುತ್ತದೆ.

ಸಂಖ್ಯೆ ಮಿತಿಮೀರುವುದು ಯಾವಾಗ? ನೀರು ಕಡಿಮೆಯಾಗಿ, ಮೀನು ದಟ್ಟವಾಗಿ, ಎಲ್ಲ ಹಕ್ಕಿಗಳೂ ಅದೇ ನೀರಿಗೆ ಮುಗಿಬಿದ್ದಾಗ. ಹಿಂದೆ ಹತ್ತು ಕೆರೆಗಳಲ್ಲಿ ಹಂಚಿಹೋಗುತ್ತಿದ್ದ ಹಕ್ಕಿಗಳು ಎರಡೇ ಕೆರೆಗಳಲ್ಲಿ ಸೇರಿದರೆ ಹಿಕ್ಕೆಯೂ ಅಲ್ಲೇ, ಮೊಟ್ಟೆಯೂ ಅಲ್ಲೇ, ಮರುದಿನದ ಊಟವೂ ಅಲ್ಲೇ. ಚರಂಡಿ ನೀರು, ಗೊಬ್ಬರದ ಸಾರ ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಹುಳುವನ್ನು ಮೊದಲು ಹೊರುವ ಆ ಸಣ್ಣ ಜೀವಿಗಳಿಗೂ ಸುಗ್ಗಿ.

ಒಂದು ಊರಿನಲ್ಲಿ ಒಮ್ಮೆ ನಡೆದದ್ದನ್ನು ಆಕಸ್ಮಿಕ ಎನ್ನಬಹುದಿತ್ತು. ನಾಲ್ಕು ವರ್ಷಗಳ ನಂತರ, 2021–22ರ ಚಳಿಗಾಲದಲ್ಲಿ, ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ತೇಲಿನೀಲಾಪುರಂನಲ್ಲಿ ನೂರಕ್ಕೂ ಹೆಚ್ಚು ಹೆಜ್ಜಾರ್ಲೆಗಳು ಸತ್ತವು. ಅಲ್ಲಿಯೂ ಊರಿನ ಮರಗಳಲ್ಲೇ ಗೂಡು, ಅಲ್ಲಿಯೂ ಜನ ಅಕ್ಕರೆಯಿಂದ ಕಾಯ್ದುಕೊಂಡ ಹಕ್ಕಿಗಳು, ಅಲ್ಲಿಯೂ ಸಾವಿಗೆ ಜಂತುಹುಳುವೇ ಕಾರಣವೆಂದು ಕಂಡುಬಂತು. ಸುತ್ತಲಿನ ಮೀನು ಸಾಕಣೆ ಹೊಂಡಗಳ ಮೇಲೆ ಅನುಮಾನ ಹೋಯಿತು. ಎರಡು ರಾಜ್ಯ, ಒಂದೇ ಹಕ್ಕಿ, ಒಂದೇ ಬಗೆಯ ಸಾವು. ಇದನ್ನು ಇನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೇಸಿಗೆಯ ಲೆಕ್ಕ ಇನ್ನೂ ಕಠಿಣವಾಗಿದೆ. ಹೆಜ್ಜಾರ್ಲೆಯ ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು. ಮರಿ ಗೂಡು ಬಿಡಲು ಮೂರು ತಿಂಗಳಿಗೂ ಮಿಕ್ಕಿ ಬೇಕು. ಜನವರಿಯಲ್ಲಿ ಮೊಟ್ಟೆಯಿಟ್ಟ ಜೋಡಿಗೆ ಮೇ ತಿಂಗಳವರೆಗೆ ದಿನವೂ ಮೀನು ಸಿಗಬೇಕು, ಅದೂ ಮರಿಯ ಹಸಿವು ಏರುತ್ತ ಹೋಗುವ ತಿಂಗಳುಗಳಲ್ಲಿ. ನಮ್ಮ ಬಯಲುಸೀಮೆಯ ಕೆರೆಗಳು ಬತ್ತುವುದೂ ಇದೇ ತಿಂಗಳುಗಳಲ್ಲಿ. ಮೀನಿನ ಗುತ್ತಿಗೆ ಹಿಡಿದವರು ನೀರು ತಳಕ್ಕಿಳಿದ ಮೇಲೆ ಬಲೆ ಎಳೆದು ಇದ್ದಬದ್ದ ಮೀನನ್ನೆಲ್ಲ ಬಾಚುವುದೂ ಆಗಲೇ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷಗಳು ಹತ್ತಿರಹತ್ತಿರ ಬರತೊಡಗಿದರೆ ಗೂಡು ಹೂಡಿದ ಮೇಲೆ ಅರ್ಧದಲ್ಲೇ ಹಕ್ಕಿಗೆ ಅನ್ನ ತಪ್ಪುತ್ತದೆ. ದೂರದ ಕೆರೆಗೆ ಹಾರಿಹೋಗಿ ಬರುವ ದೊಡ್ಡ ಹಕ್ಕಿ ಹೇಗೋ ಉಳಿಯುತ್ತದೆ. ಅದರ ಮರಿಗಳಲ್ಲಿ ಬಲಹೀನವಾದದ್ದು ಮೊದಲು ಸಾಯುತ್ತದೆ. ಹುಣಸೆಮರದಲ್ಲಿ ಗೂಡುಗಳ ಸಂಖ್ಯೆ ಹಾಗೆಯೇ ಕಾಣುತ್ತಿರುತ್ತದೆ, ಹಾರಿಹೋಗುವ ಮರಿಗಳ ಸಂಖ್ಯೆ ಮಾತ್ರ ಕುಸಿದಿರುತ್ತದೆ. ಈ ಹಕ್ಕಿ ಬಹುಕಾಲ ಬಾಳುವುದರಿಂದ ವಯಸ್ಸಾದ ಜೋಡಿಗಳು ಹತ್ತು ವರ್ಷ ಬಂದುಹೋಗುತ್ತಲೇ ಇರುತ್ತವೆ. ನಮಗೆ ಗೊತ್ತಾಗುವಷ್ಟರಲ್ಲಿ ತಲೆಮಾರು ಬರಿದಾಗಿರುತ್ತದೆ.

ಇದಕ್ಕೆ ಜಗತ್ತಿನಲ್ಲಿ ಪುರಾವೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಅನಕಾಪಾ ದ್ವೀಪದಲ್ಲಿ 1970ರಲ್ಲಿ ಕಂದು ಹೆಜ್ಜಾರ್ಲೆಗಳು 552 ಗೂಡು ಕಟ್ಟಿದ್ದವು. ಬದುಕಿದ್ದು ಒಂದೇ ಒಂದು ಮರಿ. ಡಿಡಿಟಿ ಎಂಬ ಕೀಟನಾಶಕ ಮೀನಿನ ಮೂಲಕ ತಾಯಿಯ ಮೈಸೇರಿ ಮೊಟ್ಟೆಯ ಕವಚವನ್ನು ತೆಳುವಾಗಿಸಿತ್ತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ದೂರದಿಂದ ನೋಡಿದವರಿಗೆ ಆ ದ್ವೀಪದ ತುಂಬ ಹಕ್ಕಿಗಳೇ ಕಂಡಿರಬೇಕು. ನಮ್ಮ ಹೆಜ್ಜಾರ್ಲೆಯ ಕಥೆಯೇ ಬೇಕೆಂದರೆ ಬರ್ಮಾದ ಸಿಟ್ಟಾಂಗ್ ನದಿಯ ಬಯಲಿಗೆ ಹೋಗಬೇಕು. 1877ರಲ್ಲಿ ಪಕ್ಷಿಶಾಸ್ತ್ರಜ್ಞ ಯೂಜೀನ್ ಓಟ್ಸ್ ಅಲ್ಲಿ ಕಂಡ ಗೂಡುನೆಲೆ ಲಕ್ಷಗಟ್ಟಲೆ ಹೆಜ್ಜಾರ್ಲೆಗಳದ್ದು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧ ಮುಗಿಯುವಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ. ಇಂದು ಇಡೀ ಜಗತ್ತಿನಲ್ಲಿರುವ ಈ ಜಾತಿಯ ಹಕ್ಕಿಗಳನ್ನು ಸಾವಿರಗಳಲ್ಲೇ ಎಣಿಸಬಹುದು.

ಹುಳುವಿಗಿಂತ ವೇಗದ ಇನ್ನೊಂದು ಅಪಾಯವೂ ಇದೆ. 2022ರ ವಸಂತದಲ್ಲಿ ಗ್ರೀಸ್ ದೇಶದ ಕಿರಿಯ ಪ್ರೆಸ್ಪಾ ಸರೋವರದಲ್ಲಿ, ಡಾಲ್ಮೇಶಿಯನ್ ಹೆಜ್ಜಾರ್ಲೆಗಳ ಜಗತ್ತಿನ ಅತಿದೊಡ್ಡ ಗೂಡುನೆಲೆಯಲ್ಲಿ, ಎಚ್5ಎನ್1 ಹಕ್ಕಿಜ್ವರ ಹೊಕ್ಕಿತು. ಕೆಲವೇ ವಾರಗಳಲ್ಲಿ 1,700ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಹತ್ತಾರು ವರ್ಷ ಬೆವರು ಸುರಿಸಿ ಆ ನೆಲೆಯನ್ನು ಬೆಳೆಸಿದ್ದು ಅಲ್ಲಿನ ಸ್ಥಳೀಯ ಸಂರಕ್ಷಣಾ ಸಂಘವೇ. ಆ ಸಂಘದವರ ಕೆಲಸದಲ್ಲಿ ಕೊರತೆಯಿರಲಿಲ್ಲ. ಬಹುಪಾಲು ಹಕ್ಕಿ ಒಂದೇ ಕಡೆ ಸೇರಿದ್ದೇ ಮುಳುವಾಯಿತು. ನಮಗೂ ಈ ಜ್ವರ ದೂರದ್ದಲ್ಲ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಇದೇ ಎಚ್5ಎನ್1ಗೆ 6,000ಕ್ಕೂ ಹೆಚ್ಚು ಹಕ್ಕಿಗಳು ಬಲಿಯಾದಾಗ ಸತ್ತವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಗದಗದ ಮಾಗಡಿ ಕೆರೆಯಲ್ಲಿ, ಮೈಸೂರು ಸೀಮೆಯ ಹದಿನಾರು ಕೆರೆಯಂಥ ನೀರಿನಲ್ಲಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿತು. ಹೆಬ್ಬಾತುಗಳನ್ನು ಅಪರಾಧಿಗಳೆಂದು ನಾನು ಹೇಳುತ್ತಿಲ್ಲ. ಜ್ವರ ಕೋಳಿಯಿಂದ ಕಾಡುಹಕ್ಕಿಗೂ ಕಾಡುಹಕ್ಕಿಯಿಂದ ಕೋಳಿಗೂ ದಾಟುತ್ತದೆ. ಕೆರೆಗಳು ಕಡಿಮೆಯಾಗುತ್ತ ಎಲ್ಲ ಜಾತಿಯ ಹಕ್ಕಿಗಳೂ ಉಳಿದ ಕೆಲವೇ ಕೆರೆಗಳಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವಂತಾದರೆ ಆ ದಾಟುವಿಕೆ ಸುಲಭವಾಗುತ್ತದೆ ಎಂಬುದೇ ನನ್ನ ಭಯ.

ಹಾಗಾದರೆ ವಸಂತದಲ್ಲಿ ಹಕ್ಕಿ ನೋಡಲು ಹೋಗುವ ನಮ್ಮ ಕೈಯಲ್ಲಿ ಏನಿದೆ? ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರವಾದದ್ದು ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಪಟ್ಟಿಗಳು. ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇಕಡ 60ರಷ್ಟು ಇಳಿಮುಖವಾಗಿವೆ ಎಂಬುದು ಗೊತ್ತಾದದ್ದು ಆ ಪಟ್ಟಿಗಳಿಂದಲೇ. ಆದರೆ ಗೂಡುನೆಲೆಗೆ ಹೋದಾಗ ಹಕ್ಕಿಯ ಹೆಸರು, ತಲೆಯೆಣಿಕೆ ಬರೆದರೆ ಸಾಲದು. ಯಾವ ಮರದಲ್ಲಿ ಎಷ್ಟು ಗೂಡು, ಅದರಲ್ಲಿ ಎಷ್ಟು ಮರಿ ಹಾರುವ ಮಟ್ಟಕ್ಕೆ ಬಂದವು ಎಂಬುದನ್ನು ಅದೇ ಮರಕ್ಕೆ ಎರಡು ವಾರಕ್ಕೊಮ್ಮೆ ಹೋಗಿ ಬರೆಯಬೇಕು. ಬಿದ್ದ ಮರಿ, ಸತ್ತ ಹಕ್ಕಿ ಯಾವ ದಿನ ಎಲ್ಲಿ ಸಿಕ್ಕಿತು ಎಂಬುದಕ್ಕೆ ದಾಖಲೆ ಇರಬೇಕು. ಗೂಡು ಬೇರೆ, ಹಾರಿದ ಮರಿ ಬೇರೆ ಎಂದು ಎಣಿಸಿದ ದಿನ ನಮಗೆ ಕುಸಿತ ಹತ್ತು ವರ್ಷ ಮುಂಚೆ ಕಾಣುತ್ತದೆ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಯಾರೂ ಮುಟ್ಟಬಾರದು. ಅರಣ್ಯ ಸಿಬ್ಬಂದಿಗೂ ಪಶುವೈದ್ಯರಿಗೂ ಅಂದೇ ತಿಳಿಸಬೇಕು, ಕೊಳೆತ ಮೇಲೆ ಕೊಯ್ದು ನೋಡಿದರೆ ಏನೂ ತಿಳಿಯದು. ಕೋಳಿಫಾರಮ್ಮಿಗೆ ಹೋಗಿ ಬಂದ ಚಪ್ಪಲಿಯಲ್ಲೇ ಗೂಡಿನ ಮರದಡಿಗೆ ಹೋಗುವುದನ್ನೂ ಬಿಡಬೇಕು.

ಮರದಡಿಯ ಎಚ್ಚರವೊಂದರಿಂದಲೇ ಇದು ಮುಗಿಯುವುದಿಲ್ಲ. ಹಕ್ಕಿಗಳು ಬೆಳಿಗ್ಗೆ ಯಾವ ದಿಕ್ಕಿಗೆ ಹಾರುತ್ತವೆ, ಯಾವ ಕೆರೆಯಲ್ಲಿ ಇಳಿಯುತ್ತವೆ ಎಂಬುದನ್ನು ಊರಿನವರಷ್ಟು ಬಲ್ಲವರು ಬೇರೆ ಇಲ್ಲ. ಆ ಕೆರೆಗಳ ಪಟ್ಟಿ ಮಾಡಿ, ಅವುಗಳ ಮೀನನ್ನು ಡಿಸೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಕೊಯ್ದು ಹುಳುವಿನ ಲೆಕ್ಕ ನೋಡುವುದು ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಿಗೂ ಸಾಧ್ಯವಿರುವ ಕೆಲಸ. ಹುಣಸೆಯ ಫಸಲು ಬಿಟ್ಟುಕೊಟ್ಟವರಿಗೆ ಪರಿಹಾರ ಕೊಡಲು ದಶಕಗಳ ಹಿಂದೆಯೇ ದಾರಿ ಹುಡುಕಿದ ಸರ್ಕಾರ, ಮೇ ಕೊನೆಯವರೆಗೆ ಬಲೆ ಎಳೆಯದೆ ತಳದ ನೀರನ್ನು ಉಳಿಸಿದ ಗುತ್ತಿಗೆದಾರನಿಗೂ ಅಂಥದೇ ಪರಿಹಾರ ಕೊಡಬಹುದು. ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಬೇಕು, ಅಷ್ಟೆ. ಕೆರೆಗೆ ಚರಂಡಿ ಸೇರದಂತೆ ತಡೆಯುವುದು ಪಂಚಾಯಿತಿಯ ಕೆಲಸ. ಅದಕ್ಕೆ ಹಕ್ಕಿಯ ನೆಪವೂ ಬೇಕಿಲ್ಲ, ಅದೇ ಮೀನನ್ನು ನಾವೂ ತಿನ್ನುತ್ತೇವೆ.

ಹೆಜ್ಜಾರ್ಲೆಗಳು ಮುಂದಿನ ಸಲ ಬರುವುದು ಮಳೆಗಾಲ ಕಳೆದ ಮೇಲೆ. ಗುತ್ತಿಗೆಯ ಕರಾರು ತಿದ್ದಲು, ಕೆರೆಗಳ ಪಟ್ಟಿ ಮಾಡಲು, ಮರಮರಕ್ಕೆ ಸಂಖ್ಯೆ ಬರೆದು ಎಣಿಕೆಗೆ ಸಜ್ಜಾಗಲು ಇರುವ ಕಾಲ ಅಷ್ಟೇ.