ಒಂದು ಇಳಕಲ್ ಸೀರೆಗೆ ಎಷ್ಟು ಹೊಕ್ಕು?

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿ ಸೀಮೆಯ ಹಿರಿಯ ಹೆಣ್ಣುಮಕ್ಕಳು ಕಚ್ಚೆ ಹಾಕಿ ಹೊಲಕ್ಕಿಳಿಯುತ್ತಿದ್ದ ಕಾಲಕ್ಕೆ ಸೀರೆಯೆಂದರೆ 18 ಮೊಳ. ಎರಡು ಮೊಳಕ್ಕೊಂದು ಗಜ. ಹಾಗಾಗಿ 9 ಗಜ, ಅಂದರೆ 8.23 ಮೀಟರ್. ಈಗ ನೆರಿಗೆ ಹಿಡಿದು ಉಡುವವರಿಗೆ 12 ಮೊಳ ಸಾಕು, 5.49 ಮೀಟರ್. ಕಚ್ಚೆ ಬಿಟ್ಟಿದ್ದಕ್ಕೆ ಸೀರೆಯ ಮೂರನೇ ಒಂದು ಪಾಲು ಬಟ್ಟೆ ಇಳಿಯಿತು. ನೇಕಾರರ ದುಡಿಮೆ ಮಾತ್ರ ಹಗುರಾಗಲಿಲ್ಲ.

6 ಗಜವೆಂದರೆ 216 ಇಂಚು. ಇಂಚಿಗೆ 60 ಹೊಕ್ಕು, ಅಂದರೆ ಅಡ್ಡ ಎಳೆ, ಹಿಡಿದರೂ ಲಾಳಿ 12,960 ಸಲ ಓಡಬೇಕು. ಕುಣಿಮಗ್ಗದಲ್ಲಿ ನಿಮಿಷಕ್ಕೆ 30 ಹೊಕ್ಕಿನಂತೆ ಎಲ್ಲೂ ನಿಲ್ಲದೆ ನೇಯ್ದರೆ 7 ತಾಸು 12 ನಿಮಿಷ. ಎಳೆ ಹರಿದರೆ ಗಂಟು ಹಾಕುವುದು, ಕಂಡಿಕೆ ಬದಲಿಸುವುದು ಇದರಲ್ಲಿ ಸೇರಿಲ್ಲ. ನಿಮಿಷಕ್ಕೆ 120 ಹೊಕ್ಕು ಹಾಕುವ ವಿದ್ಯುತ್ ಮಗ್ಗ ಅಷ್ಟೇ ಉದ್ದವನ್ನು 1 ತಾಸು 48 ನಿಮಿಷದಲ್ಲಿ ಮುಗಿಸುತ್ತದೆ. ಅಂಗಡಿಯಲ್ಲಿ ಬೆಲೆಯ ಅಂತರ ಹುಟ್ಟುವುದು ಇಲ್ಲೇ.

ಇಳಕಲ್ ಸೀರೆಗೆ ಇನ್ನೊಂದು ಕೆಲಸವಿದೆ: ತೋಪ ತೆನಿ. ಒಡಲಿನ ಹಾಸು, ಅಂದರೆ ಉದ್ದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಯೊಂದಿಗೆ ಕೊಂಡಿ ಹಾಕಿ ಕೂಡಿಸಬೇಕು. 48 ಇಂಚು ಅಗಲ, ಇಂಚಿಗೆ 60 ಎಳೆ ಎಂದರೆ 2,880 ಕೊಂಡಿ. ಹೀಗೆ ಕೂಡಿಸುವುದರಿಂದಲೇ ಸೀರೆಗೊಂದು ಹಾಸು ಬೇಕು. ಹತ್ತಾರು ಸೀರೆಗೆ ಒಂದೇ ಉದ್ದನೆಯ ಹಾಸು ಹೂಡಿ ಕೈತೊಳೆದುಕೊಳ್ಳಲು ಆಗದು.

ಇಷ್ಟಕ್ಕೆ ಸಿಗುವುದೆಷ್ಟು? 2019-20ರ ಕೈಮಗ್ಗ ಗಣತಿ ಎಣಿಸಿದ್ದು ದೇಶದ 35.22 ಲಕ್ಷ ಕೆಲಸಗಾರರನ್ನು. ಹತ್ತು ವರ್ಷ ಹಿಂದೆ ಅವರು 43.31 ಲಕ್ಷ ಇದ್ದರು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ ಆಗ 5,000 ರೂಪಾಯಿಗಿಂತ ಕಡಿಮೆ ಇತ್ತು. 26 ದಿನಕ್ಕೆ ಹಂಚಿದರೆ ಇಡೀ ಮನೆಗೆ ದಿನಕ್ಕೆ ಸುಮಾರು 192 ರೂಪಾಯಿಯನ್ನು ದಾಟುತ್ತಿರಲಿಲ್ಲ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯಡಿ ಒಬ್ಬರ ದಿನಗೂಲಿ 249 ರೂಪಾಯಿ ಇತ್ತು. ಮಣ್ಣು ಹೊರುವ ಕೆಲಸಕ್ಕೂ ಇದಕ್ಕಿಂತ ಹೆಚ್ಚು ಸಿಗುವಾಗ ನೇಕಾರರ ಮಕ್ಕಳು ಕುಣಿಗೆ ಇಳಿಯದಿದ್ದರೆ ಅವರನ್ನು ದೂರುವಂತಿಲ್ಲ.

ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯ್ದೆಯ ಪಟ್ಟಿಯಲ್ಲಿ ಸೀರೆಯೂ ಇದೆ. ಆದರೆ ಕಾಯ್ದೆಯ ಬಲ ಅಂಗಡಿಯ ಕಟ್ಟೆಯವರೆಗೆ ಬರುವುದು ಕೊಳ್ಳುವವರು ಕೇಳಿದಾಗಲೇ. ಲಕ್ಷ್ಮೇಶ್ವರದಲ್ಲೋ ಗದಗದಲ್ಲೋ ಮದುವೆ ಜವಳಿಗೆ ಹೋದಾಗ ಕೈಮಗ್ಗದ ಗುರುತು ತೋರಿಸಲು ಹೇಳಿ. ಸೆರಗು ಮತ್ತು ಒಡಲು ಕೂಡುವಲ್ಲಿ ಬಟ್ಟೆ ಬಿಡಿಸಿ, ಕೊಂಡಿ ಇದೆಯೇ ನೋಡಿ, ಆಮೇಲೆ ದರ ಮಾತಾಡಿ.