ಕ್ಷೇತ್ರಕಾರ್ಯದ ಕಡತಗಳೂ ಲ್ಯಾಪ್‌ಟಾಪಿನ ರಕ್ಷಣೆಯೂ

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಆ ಸಂಪುಟದ ಒಂದು ಪ್ರತಿ ಹಾಳಾದರೆ ಮತ್ತೊಂದುಂಟು. ಆದರೆ ಸಂಪಿಗೆಯಂಥ ಊರಿನಲ್ಲಿ ತೆಂಗಿನ ತೋಟದ ಹಿರಿಯರಿಂದ ಕೇಳಿ ನಾವು ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಕೊಂಡ ಮಾತುಗಳಿಗೆ, ಹೇಳಿದವರು ತೀರಿಕೊಂಡ ಬಳಿಕ, ಆ ಕಡತವಲ್ಲದೆ ಬೇರೆ ಆಧಾರವಿರುವುದಿಲ್ಲ.

ಇಂಥ ಕಡತವು ಕೈತಪ್ಪುವ ಬಗೆಗೆ ‘ವನ್ನಾಕ್ರೈ’ ತಕ್ಕ ನಿದರ್ಶನ. 2017ರ ಮೇ 12ರಂದು ಹಬ್ಬತೊಡಗಿದ ಈ ಪಿಡುಗು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಗಣಕಯಂತ್ರಗಳನ್ನು ಹೊಕ್ಕು, ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ 300 ಡಾಲರುಗಳಷ್ಟು ಬಿಟ್‌ಕಾಯಿನ್ ಕೇಳಿತು. ಅದು ನುಗ್ಗಿದ ವಿಂಡೋಸಿನ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು, ಆಗ ಚಾಲ್ತಿಯಲ್ಲಿದ್ದ ಆವೃತ್ತಿಗಳ ಮಟ್ಟಿಗೆ, ಮಾರ್ಚ್ 14ರಂದೇ ತಿದ್ದುಪಡಿ ಹೊರಡಿಸಿತ್ತೆಂಬುದು ಗಮನಾರ್ಹ. ಅಪ್‌ಡೇಟನ್ನು ನಾಳೆಗೆ ತಳ್ಳುವ ಅಧ್ಯಾಪಕರು (ಅವರೇನೂ ವಿರಳರಲ್ಲ) ಇದನ್ನು ನೆನೆಯಬೇಕು. ವಿಂಡೋಸ್ 10ಕ್ಕಂತೂ ಸಾಮಾನ್ಯ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತುಹೋದುವು.

ವೈರಸ್ ನಿರೋಧಕ ತಂತ್ರಾಂಶವೂ ಬಿಗಿಯಾದ ಪಾಸ್‌ವರ್ಡೂ ಅವಶ್ಯವೇ. ಜೆರಾಕ್ಸ್ ಅಂಗಡಿಯ ಯಂತ್ರಕ್ಕೆ ಹಾಕಿ ತಂದ ಪೆನ್‌ಡ್ರೈವನ್ನು ಪರೀಕ್ಷಿಸದೆ ತೆರೆಯಲಾಗದು. ಆದರೂ ನಮ್ಮ ಮತದಲ್ಲಿ ಮುಖ್ಯವಾದುದು ಎರಡನೆಯ ಪ್ರತಿ. ಅದನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಮಾಡಿ, ಕೂಡಲೇ ಕಳಚಿ ಬೇರೆಡೆ ಇರಿಸಬೇಕು. ಸದಾ ತಗುಲಿಸಿಟ್ಟ ಡಿಸ್ಕಿನೊಳಗಣ ಕಡತಗಳನ್ನೂ ಇಂಥ ಪಿಡುಗು ಬಿಡುವುದಿಲ್ಲ. ಯಂತ್ರಕ್ಕೆ ಸೋಂಕು ತಗುಲಿತೆಂಬ ಶಂಕೆ ಬಂದೊಡನೆ ಅಂತರ್ಜಾಲದ ಸಂಪರ್ಕ ಕಡಿಯುವುದು ಮೊದಲ ಕೆಲಸ. ಅದು ಶುದ್ಧವಾಗುವವರೆಗೆ ಆ ಡಿಸ್ಕನ್ನು ಹತ್ತಿರ ತರಕೂಡದು.